ಗಿಳಿಮಾವನ ಸಂದರ್ಶನ

ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಹಲಗೆ. ಹನ್ನೊಂದು ವರ್ಷದಿಂದ ಅವೇ ಪ್ರಶ್ನೆಗಳು. ನಿಮ್ಮ ಬಗ್ಗೆ ಹೇಳಿ. ನಿಮ್ಮ ದೌರ್ಬಲ್ಯ ಏನು? ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು? ಐದು ವರ್ಷದ ನಂತರ ಎಲ್ಲಿರುತ್ತೀರಿ? ನನ್ನ ಕೈಯಲ್ಲಿ ಕಲಿತವರು ಊರಿನ ಅರ್ಧ ಕಚೇರಿಗಳಲ್ಲಿ ಕುಳಿತಿದ್ದಾರೆ. ಅವರೆಲ್ಲರಿಗೂ ಇರುವುದು ಒಂದೇ ದೌರ್ಬಲ್ಯ: ಕೆಲಸದಲ್ಲಿ ಮುಳುಗಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇಷ್ಟು ಜನ ಹೊತ್ತು ಮರೆತು ದುಡಿಯುವ ಊರಿನಲ್ಲಿ ಒಂದು ಅರ್ಜಿ ಮೇಜಿನಿಂದ ಮೇಜಿಗೆ ದಾಟಲು ಮೂರು ವಾರ ಯಾಕೆ ಬೇಕು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಹೀಗಾಗಿ ಯಾರ ಉತ್ತರಕ್ಕೂ ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಒಂದೇ ಒಂದು ಸಲ ಆದೆ. ಆ ಬೆರಗು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಿಳಿಮಾವ ಅಂದರೆ ಅಮ್ಮನ ತಮ್ಮ. ಲಿಫ್ಟ್ ಮೆಕ್ಯಾನಿಕ್. ಮೂವತ್ತು ವರ್ಷ ಒಂದೇ ಕಂಪನಿಯಲ್ಲಿ ದುಡಿದವರು. ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಹಳೆಯ ಹತ್ತಿ ಬಟ್ಟೆ ಸುತ್ತಿ ಮೆಲ್ಲಗೆ ಎಳೆಯುತ್ತಾ ಹೋಗುತ್ತಿದ್ದರು. ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಹಗ್ಗದ ಒಂದು ತಂತಿ ಎಳೆ ಮುರಿದಿದೆ ಎಂದು ಲೆಕ್ಕ. ನಮ್ಮ ಮನೆಯ ಹರಿದ ಬನಿಯನ್ನುಗಳೆಲ್ಲ ಮಾವನ ಚೀಲಕ್ಕೇ ಹೋಗುತ್ತಿದ್ದವು.

ಗಿಳಿ ಎಂಬ ಹೆಸರು ಮಕ್ಕಳಾದ ನಾವು ಇಟ್ಟದ್ದು. ಮಾವನಿಗೆ ಯಾರು ಏನು ಹೇಳಿದರೂ ಅದನ್ನು ಒಮ್ಮೆ ತಿರುಗಿ ಹೇಳಿಯೇ ಮುಂದಿನ ಕೆಲಸ. "ಮಾವ, ಉಪ್ಪು ಕೊಡಿ" ಅಂದರೆ "ಉಪ್ಪು ಕೊಡ್ತೀನಿ" ಅನ್ನುತ್ತಿದ್ದರು, ಆಮೇಲೆ ಕೈ ಮೇಲೇಳುತ್ತಿತ್ತು. "ಕಿಟಕಿ ಹಾಕಿ." "ಕಿಟಕಿ ಹಾಕ್ತೀನಿ." ನಾವು ಬೇಕೆಂದೇ "ಮಾವ, ನಾಳೆ ಬರ್ತಾ ಹತ್ತು ಚಾಕಲೇಟು ತನ್ನಿ" ಅನ್ನುತ್ತಿದ್ದೆವು. ಪಾಪ, ಅಭ್ಯಾಸಬಲದಿಂದ "ಹತ್ತು ಚಾಕಲೇಟು ತರ್ತೀನಿ" ಅಂದುಬಿಡುತ್ತಿದ್ದರು. ಒಮ್ಮೆ ಅಂದ ಮೇಲೆ ಮಳೆ ಬರಲಿ, ಜ್ವರ ಬರಲಿ, ಹತ್ತೂ ಬರುತ್ತಿದ್ದವು. ತಿರುಗಿ ಹೇಳಿದ ಮಾತನ್ನು ಮಾವ ತಪ್ಪಿಸಿದ್ದು ನನಗೆ ನೆನಪಿಲ್ಲ. ಮನೆಯವರೆಲ್ಲ ನಗುತ್ತಿದ್ದೆವು. ನಗದಿದ್ದವನು ಅಪ್ಪ ಒಬ್ಬನೇ. ಅವನ ಬಾಯಲ್ಲಿ ಗಿಳಿ ಎಂಬ ಹೆಸರು ಒಂದು ದಿನವೂ ಬರಲಿಲ್ಲ.

ಅಪ್ಪನೂ ಮೊದಲು ಅದೇ ಕಂಪನಿಯ ಮೆಕ್ಯಾನಿಕ್. ಭಾವ, ಭಾವಮೈದ ಇಬ್ಬರೂ ಒಂದೇ ಜೋಡಿ. ನನಗೆ ಆರು ವರ್ಷ ಇದ್ದಾಗ ಅಪ್ಪನ ಎಡಗೈಯ ಮೂರು ಬೆರಳು ಹೋದವು, ಹೆಬ್ಬೆರಳು ಮತ್ತು ತೋರುಬೆರಳು ಉಳಿದವು. ಆಮೇಲೆ ಅವನು ನಿವೃತ್ತಿಯವರೆಗೂ ಗೋದಾಮಿನ ಗುಮಾಸ್ತ. ಕೇಳಿದವರಿಗೆಲ್ಲ ಒಂದೇ ಉತ್ತರ: "ಅವಸರ ಮಾಡಿದೆ, ಹೋಯ್ತು." ಅಂದಿನಿಂದ ಅವನು ಲಿಫ್ಟ್ ಹತ್ತಿದ್ದಿಲ್ಲ. ಕಣ್ಣಿನ ಡಾಕ್ಟರು ಐದನೇ ಮಹಡಿಯಲ್ಲಿದ್ದರೂ ಮೆಟ್ಟಿಲೇ.

ಹೋದ ವರ್ಷ ಮಾವನ ಕಂಪನಿ ಬಾಗಿಲು ಹಾಕಿತು. ಆರು ತಿಂಗಳು ಮಾವ ಮನೆಯಲ್ಲಿ ಕುಳಿತರು. ಕುಳಿತರು ಅಂದರೆ ತಪ್ಪು, ಅತ್ತೆಯ ಹೊಲಿಗೆ ಯಂತ್ರವನ್ನು ಮೂರು ಸಲ ಬಿಚ್ಚಿ ಜೋಡಿಸಿದರು. ಎರಡು ಕಡೆ ಸಂದರ್ಶನಕ್ಕೆ ಹೋಗಿ ಬಂದರು. ಒಂದು ಕಡೆ ಇವರಿಗೆ ಕಿವಿ ಮಂದ ಎಂದುಕೊಂಡರಂತೆ. ಇನ್ನೊಂದು ಕಡೆ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರಂತೆ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ಉಸ್ತುವಾರಿಗೆ ಜನ ಬೇಕು ಎಂಬ ಪ್ರಕಟಣೆ ಬಂತು. ವಯಸ್ಸಿನ ಮಿತಿ ಐವತ್ತೈದು. ಮಾವನಿಗೆ ಐವತ್ತೈದು ತುಂಬಲು ಇಪ್ಪತ್ತು ದಿನ ಬಾಕಿ. ಇದು ಕೈತಪ್ಪಿದರೆ ಇನ್ನು ಯಾವ ಕಟ್ಟಡದ ತುದಿಯ ಲಿಫ್ಟ್ ಯಂತ್ರದ ಕೋಣೆಯ ಬೀಗದ ಕೈಯೂ ಅವರಿಗೆ ಸಿಗುವಂತಿರಲಿಲ್ಲ. ಅತ್ತೆ ನನಗೆ ಫೋನ್ ಮಾಡಿ, "ನಿಮ್ಮ ಮಾವಂಗೆ ಸ್ವಲ್ಪ ಮಾತು ಕಲಿಸೇ ತಾಯಿ" ಅಂದಳು.

ಹನ್ನೆರಡು ಕುರ್ಚಿಗಳಲ್ಲಿ ಒಂದನ್ನು ಎಳೆದು ಮಾವನನ್ನು ಕೂರಿಸಿದೆ.

"ನಿಮ್ಮ ಬಗ್ಗೆ ಹೇಳಿ" ಅಂದೆ.

"ನನ್ನ ಬಗ್ಗೆ ಹೇಳ್ತೀನಿ" ಅಂದರು. ಆಮೇಲೆ ಕೈಕಟ್ಟಿ ಸುಮ್ಮನಾದರು.

"ಹೇಳಿ ಮತ್ತೆ!"

"ಏನಿದೆ ಹೇಳೋಕೆ? ಲಿಫ್ಟ್ ರಿಪೇರಿ ಮಾಡ್ತೀನಿ. ಮುಗೀತಲ್ಲ."

"ಐದು ವರ್ಷದ ನಂತರ ಎಲ್ಲಿರ್ತೀರಿ?"

"ಐದು ವರ್ಷದ ನಂತರ ಎಲ್ಲಿರ್ತೀನಿ ಅಂತ ಕೇಳ್ತಿದ್ದೀಯ. ಯಂತ್ರದ ಕೋಣೇಲಿ."

"ಮಾವ! ಮೇಲಕ್ಕೆ ಹೋಗೋ ಆಸೆ ತೋರಿಸ್ಬೇಕು."

"ಯಂತ್ರದ ಕೋಣೆಗಿಂತ ಮೇಲೆ ಇನ್ನೇನಿರುತ್ತೆ? ನೀರಿನ ಟ್ಯಾಂಕು."

ತಲೆ ಚಚ್ಚಿಕೊಂಡೆ. ಉತ್ತರಗಳನ್ನು ಹೇಗೋ ಬಾಯಿಪಾಠ ಮಾಡಿಸಬಹುದು, ಈ ತಿರುಗಿ ಹೇಳುವ ಚಾಳಿಯನ್ನು ಬಿಡಿಸುವುದು ಹೇಗೆ? ಕೈಯಲ್ಲೊಂದು ಸ್ಕೇಲು ಹಿಡಿದು, ಅವರು ಪ್ರಶ್ನೆಯನ್ನು ತಿರುಗಿ ಹೇಳಿದಾಗಲೆಲ್ಲ ಮೇಜಿಗೆ ಪಟ್ಟನೆ ಬಾರಿಸಿದೆ. ಐವತ್ತನಾಲ್ಕರ ಮನುಷ್ಯ, ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವರು, ಪ್ರತಿ ಪೆಟ್ಟಿಗೂ ಬೆಚ್ಚಿ ಬೀಳುತ್ತಿದ್ದರು. ಮೂರನೇ ದಿನಕ್ಕೆ ಸದ್ದು ನಿಂತಿತು. ಪ್ರಶ್ನೆ ಕೇಳಿದ ಕೂಡಲೇ ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ಗಿಳಿಯ ಬಾಯಿ ಮುಚ್ಚಿಸಿದೆ ಎಂದು ನಾನು ಬೀಗಿದೆ.

ಉಳಿದದ್ದು ಒಂದೇ ಪ್ರಶ್ನೆ, ನಿಮ್ಮಿಂದಾದ ದೊಡ್ಡ ತಪ್ಪು ಯಾವುದು ಎಂಬುದು. ಯಾರಿಗೂ ನೋವಾಗದಂಥ ಒಂದು ತಪ್ಪು ಹೇಳಬೇಕು ಎಂದು ಹೇಳಿಕೊಟ್ಟೆ. ಕೆಲಸದ ಗುಂಗಿನಲ್ಲಿ ಮಧ್ಯಾಹ್ನದ ಊಟ ಮರೆತೆ, ಆಮೇಲೆ ತಲೆಸುತ್ತು ಬಂತು, ಅಂಥದ್ದು.

ಮಾವ ಕೇಳಿದರು: "ಯಾರಿಗೂ ನೋವಾಗ್ದೆ ಇದ್ರೆ ಅದು ದೊಡ್ಡ ತಪ್ಪು ಹೇಗಾಗುತ್ತೆ?"

"ಆ ಉಸಾಬರಿ ನಿಮಗ್ಯಾಕೆ ಮಾವ? ಹೇಳಿಕೊಟ್ಟಿದ್ದು ಹೇಳಿ ಬನ್ನಿ."

ಅದನ್ನು ಮಾವ ತಿರುಗಿ ಹೇಳಲಿಲ್ಲ. ನನ್ನ ಪಾಠ ಹತ್ತಿತು ಅಂದುಕೊಂಡೆ.

ಸಂದರ್ಶನದ ಬೆಳಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಮನೆಗೆ ಬಂದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು ಹಿತ್ತಲಿಗೆ ಹೋಗಿ ಅಪ್ಪನ ಜೊತೆ ಎರಡು ನಿಮಿಷ ಮಾತಾಡಿದರು. ಅಪ್ಪನದು ಮೊದಲೇ ಸಣ್ಣ ದನಿ, ಏನೂ ಕೇಳಿಸಲಿಲ್ಲ. ಮಾವನ ಕಡೆಯ ಮಾತು ಮಾತ್ರ ಕೇಳಿಸಿತು: "ಹೇಳ್ತೀನಿ, ಭಾವ." ಧೈರ್ಯ ಹೇಳಿರಬೇಕು ಅಂದುಕೊಂಡೆ.

ದೊಡ್ಡಾಸ್ಪತ್ರೆಯಲ್ಲಿ ನೆಲಮಹಡಿಯ ಓಣಿಗೆ ಅಡ್ಡಲಾಗಿ ಪ್ಲೈವುಡ್ ನಿಲ್ಲಿಸಿ ಸಂದರ್ಶನದ ಕೋಣೆ ಮಾಡಿದ್ದರು. ಮೇಲೆ ಚಾವಣಿಗೂ ಹಲಗೆಗೂ ಎರಡು ಅಡಿ ಜಾಗ. ಒಳಗಿನ ಮಾತೆಲ್ಲ ಹೊರಗಿನ ಬೆಂಚಿಗೆ ಸ್ಪಷ್ಟವಾಗಿ ಬೀಳುತ್ತಿತ್ತು. ಏಳು ಜನ ಅಭ್ಯರ್ಥಿಗಳು ಕಿವಿ ನೆಟ್ಟಗೆ ಮಾಡಿಕೊಂಡು, ಮುಂದಿನವನ ಉತ್ತರವನ್ನೇ ಹಿಂದಿನವನು ಗಟ್ಟಿ ಮಾಡುತ್ತಾ ಕುಳಿತಿದ್ದರು. ಇಬ್ಬರ ಉತ್ತರ ಕೇಳಿದೆ. ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮಾವನನ್ನು ಕರೆದರು. ಒಳಗೆ ಮೂವರಿದ್ದರು: ಆಡಳಿತಾಧಿಕಾರಿ, ಇಂಜಿನಿಯರ್ ಹೆಂಗಸು, ಹಿರಿಯ ನರ್ಸ್. ಮೊದಲಿನ ಪ್ರಶ್ನೆಗಳಿಗೆ ಮಾವ ಹೇಳಿಕೊಟ್ಟದ್ದನ್ನೇ ಹೇಳಿದರು, ಪ್ರತಿ ಉತ್ತರಕ್ಕೂ ಮುಂಚೆ ಒಂದಿಷ್ಟು ಮೌನ. ಅಲ್ಲಿ ತುಟಿ ಅಲ್ಲಾಡುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ಇಂಜಿನಿಯರ್ ಕೇಳಿದಳು: "ನಾಲ್ಕನೇ ಮಹಡಿ ಹತ್ರ ಲಿಫ್ಟ್ ನಿಂತ್ಬಿಟ್ಟಿದೆ. ಒಳಗೆ ರೋಗಿ ಇದ್ದಾರೆ. ಮೊದಲು ಏನ್ಮಾಡ್ತೀರಿ?"

"ನಾಲ್ಕನೇ ಮಹಡಿ" ಎಂದು ಮಾವನ ದನಿ ಗಟ್ಟಿಯಾಗಿ ಬಂತು. "ಲಿಫ್ಟ್ ನಿಂತಿದೆ. ಒಳಗೆ ರೋಗಿ ಇದ್ದಾರೆ."

ಹೋಯ್ತು, ಮುಗೀತು ಎಂದು ಕಣ್ಣು ಮುಚ್ಚಿದೆ. ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಒಳಗೆ ಆಡಳಿತಾಧಿಕಾರಿಯೂ ನಕ್ಕರು. "ಏನ್ರೀ ಇದು, ನಾವು ಹೇಳಿದ್ದನ್ನೇ ನಮಗೆ ವಾಪಸ್ ಹೇಳ್ತೀರಿ?"

"ಯಾಕೆ ಅಂತ ಹೇಳ್ಬೇಕಂದ್ರೆ ನನ್ನ ತಪ್ಪು ಹೇಳ್ಬೇಕಾಗುತ್ತೆ ಸಾರ್."

"ಹೇಳಿ."

"ಹೇಳ್ತೀನಿ" ಅಂದರು ಮಾವ. ಇನ್ನು ಊಟ ಮರೆತ ಕತೆ ಬರುತ್ತದೆ ಎಂದು ನಾನು ಕಾದೆ.

"ಲಿಫ್ಟಿಗೆ ಎಣ್ಣೆ ಹಾಕೋದು ಇಬ್ಬರ ಕೆಲಸ. ಒಬ್ಬ ಲಿಫ್ಟ್ ಪೆಟ್ಟಿಗೆ ನೆತ್ತಿ ಮೇಲೆ ನಿಂತಿರ್ತಾನೆ, ಇನ್ನೊಬ್ಬ ಕಟ್ಟಡದ ತುದೀಲಿ ಯಂತ್ರದ ಹತ್ರ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಹಗ್ಗ ಇಳಿಯೋ ತೂತಿಂದ ದನಿ ಮಾತ್ರ ಕೇಳುತ್ತೆ. ಪೆಟ್ಟಿಗೆ ಮೇಲಿರೋನು 'ಕೆಳಗೆ' ಅಂದ್ರೆ, ಯಂತ್ರದ ಹತ್ರ ಇರೋನು 'ಕೆಳಗೆ' ಅಂತ ತಿರುಗಿ ಹೇಳಿ ಆಮೇಲೆ ಗುಂಡಿ ಒತ್ತಬೇಕು. ಅದು ನಮ್ಮ ಕೆಲಸದ ಕಟ್ಟುನಿಟ್ಟು. ಇಪ್ಪತ್ತೇಳು ವರ್ಷದ ಹಿಂದೆ, ಹನ್ನೊಂದು ಮಹಡಿ ಕಟ್ಟಡ. ಯಂತ್ರದ ಹತ್ರ ನಾನಿದ್ದೆ, ಪೆಟ್ಟಿಗೆ ಮೇಲೆ ನನ್ನ ಜೊತೆಗಾರರು. ಎಂಟು ಸಲ ಅವರು ಹೇಳಿದ್ರು, ಎಂಟು ಸಲ ನಾನು ತಿರುಗಿ ಹೇಳಿದೆ. ಒಂಬತ್ತನೇ ಸಲ ಅವರು ಬಾಯಿ ತೆಗೆಯೋಕೆ ಮುಂಚೆ ಒತ್ತಿಬಿಟ್ಟೆ. ಇನ್ನೇನ್ ಹೇಳ್ತಾರೆ, ಅದೇ ತಾನೇ ಅಂದ್ಕೊಂಡೆ. ಅವರ ಕೈ ಹಗ್ಗದ ರಾಟೆ ಮೇಲಿತ್ತು."

"ಆಮೇಲೆ?" ಅಂದರು ಆಡಳಿತಾಧಿಕಾರಿ.

"ಮೂರು ಬೆರಳು ಹೋಯ್ತು ಸಾರ್. ನಮ್ಮ ಭಾವಂದು."

ನಾನು ಬೆಂಚಿನಿಂದ ಎದ್ದು ನಿಂತೆ. ಮಾವ ಒಳಗೆ ಅದೇ ದನಿಯಲ್ಲಿ ಮುಂದುವರಿಸಿದರು.

"ನನ್ನ ಮಗ ಹುಟ್ಟಿ ಹದಿನೈದು ದಿನ ಆಗಿತ್ತು. ನನ್ನ ಕೆಲಸ ಹೋಗ್ಬಾರ್ದು ಅಂತ ಕಂಪನಿಯವರ ಹತ್ರ ಭಾವ, 'ಕೂಗಿದ್ದು ನಾನೇ, ಕೈ ತೆಗೆಯೋದು ಮರೆತೆ' ಅಂದ್ಬಿಟ್ರು. ಯಾರಿಗೂ ಹೇಳ್ಬೇಡ ಅಂದ್ರು. ಯಾರಿಗೂ ಹೇಳಲ್ಲ ಅಂದೆ. ಇವತ್ತು ಬೆಳಗ್ಗೆ ಹೋಗಿ, ತಪ್ಪಿನ ವಿಷಯ ಬಂದ್ರೆ ಏನ್ಮಾಡ್ಲಿ ಭಾವ ಅಂತ ಕೇಳಿದೆ. ಕೇಳಿದ್ರೆ ಇದ್ದದ್ದು ಹೇಳು ಅಂದ್ರು. ಅದಕ್ಕೇ ಹೇಳ್ತಿದ್ದೀನಿ. ಆವತ್ತಿಂದ ಯಾರು ಏನೇ ಹೇಳಲಿ, ತಿರುಗಿ ಹೇಳ್ದೆ ನಾನು ಕೈ ಎತ್ತಲ್ಲ. ಊಟಕ್ಕೆ ಕೂತಾಗ ಉಪ್ಪು ಕೇಳಿದ್ರೂ ಅಷ್ಟೇ. ಅಕ್ಕನ ಮಗಳು ಈ ಅಭ್ಯಾಸ ಬಿಡಿಸೋಕೆ ಪಾಪ ಮೂರು ದಿನ ಒದ್ದಾಡಿದ್ಲು. ನಂಗೆ ಆಗಲ್ಲ ಸಾರ್. ನಿಮ್ಮ ಲಿಫ್ಟಲ್ಲಿ ಹೋಗೋರು ಮಲಗಿಕೊಂಡೇ ಹೋಗ್ತಾರೆ. ಅವರಿಗೆ ಕೂಗೋಕೂ ತ್ರಾಣ ಇರಲ್ಲ."

ಹಿರಿಯ ನರ್ಸಿನ ದನಿ ಬಂತು. "ಡಾಕ್ಟರು ಫೋನಲ್ಲಿ ಔಷಧಿ ಹೇಳಿದ್ರೆ ನಾವೂ ತಿರುಗಿ ಹೇಳ್ಬೇಕು ಸಾರ್. ನಮ್ಮ ಹುಡುಗಿಯರು ಅವಸರದಲ್ಲಿ ಬಿಟ್ಬಿಡ್ತಾರೆ ಅಂತ ನಾನು ದಿನಾ ಬಯ್ಯೋದು ಇದಕ್ಕೇ."

ಇಂಜಿನಿಯರ್ ಮತ್ತೆ ಕೇಳಿದಳು: "ನಾಲ್ಕನೇ ಮಹಡಿ ವಿಷಯ ಹೇಳಿಲ್ಲ ನೀವು."

"ನಾಲ್ಕನೇ ಮಹಡಿ ವಿಷಯ ಹೇಳ್ತೀನಿ. ಮೊದಲು ಒಳಗಿರೋರ ಜೊತೆ ಮಾತಾಡ್ತೀನಿ ಮೇಡಂ. ಆಮೇಲೆ ಯಂತ್ರ."

ಮಾವ ಹೊರಗೆ ಬಂದರು. "ಮುಂದಿನವರು" ಎಂದು ಕೂಗಿದಾಗ ಕಿಸಕ್ಕನೆ ನಕ್ಕಿದ್ದ ಮೀಸೆಯವನು ದಡಬಡಿಸಿ ಎದ್ದು "ಮುಂದಿನವರು, ಬಂದೆ ಸಾರ್" ಅಂದ. ಯಾರೂ ನಗಲಿಲ್ಲ. ಮಾವ ನನ್ನ ಮುಖ ನೋಡಿದರು, ಪ್ಲೈವುಡ್ಡಿನ ಮೇಲಿನ ಖಾಲಿ ಜಾಗ ನೋಡಿದರು.

"ಎಲ್ಲಾ ಕೇಳಿಸ್ತಾ?"

"ಕೇಳಿಸ್ತು."

"ಬಯ್ಯೋದಿದ್ರೆ ಬಯ್ಯಿ, ಮಗಳೇ."

ನಾನು ಬಯ್ಯಲಿಲ್ಲ. ಮೂರು ದಿನ ಸ್ಕೇಲು ಹಿಡಿದು ನಾನು ಏನನ್ನು ಬಡಿದು ಓಡಿಸಲು ಹೊರಟಿದ್ದೆ ಎಂದು ನೆನೆದರೆ ನಾಚಿಕೆಯಾಯಿತು. ಇಪ್ಪತ್ತೇಳು ವರ್ಷ ನಾವು ನಕ್ಕೆವು, ಮಾವ ನಗಲು ಬಿಟ್ಟರು. ಪ್ರತಿ ಉಪ್ಪಿಗೂ, ಪ್ರತಿ ಕಿಟಕಿಗೂ ಅಪ್ಪನ ಎದುರಿಗೇ ತಪ್ಪೊಪ್ಪಿಕೊಂಡರು. ಅಪ್ಪನೋ, ಹದಿನೈದು ದಿನದ ಒಂದು ಕೂಸಿಗಾಗಿ ಬೆರಳಿನ ಜೊತೆ ತನ್ನ ಒಳ್ಳೆಯ ಕೆಲಸಗಾರನೆಂಬ ಹೆಸರನ್ನೂ ಕೊಟ್ಟು, ಗೋದಾಮಿನಲ್ಲಿ ಕುಳಿತುಬಿಟ್ಟ. ಇಂಥ ಇಬ್ಬರು ಗಂಡಸರ ನಡುವೆ ಬೆಳೆದು ನಾನು ಊರಿಗೆಲ್ಲ ಉತ್ತರ ಕಲಿಸುತ್ತಿದ್ದೆ. ಅವತ್ತು ಬೆರಗಾದೆ ಅಂದೆನಲ್ಲ, ಅದು ಇದಕ್ಕೆ.

ಐದನೇ ದಿನ ಆಸ್ಪತ್ರೆಯಿಂದ ಫೋನ್ ಬಂತು. ಅತ್ತೆ ಕಿವಿಗೊಟ್ಟು ನಿಂತಿದ್ದಳಂತೆ. ಆ ಕಡೆಯ ಮಾತು ಕೇಳಿಸದಿದ್ದರೂ ಅವಳಿಗೆ ತಿಳಿದುಹೋಯಿತು. ಯಾಕೆಂದರೆ ಮಾವ, "ಸೋಮವಾರ. ಎಂಟು ಗಂಟೆಗೆ. ಬರ್ತೀನಿ" ಅಂದರಂತೆ. ನಾನು ನನ್ನ ಬಿಳಿ ಹಲಗೆಯಿಂದ ಊಟ ಮರೆತ ಉತ್ತರವನ್ನು ಒರೆಸಿದೆ. ಅಲ್ಲಿ ಇನ್ನೂ ಏನೂ ಬರೆದಿಲ್ಲ.

ತಿಂಗಳ ಮೇಲೆ ಒಂದು ಭಾನುವಾರ ಆಸ್ಪತ್ರೆಯ ಹಳೆಯ ಲಿಫ್ಟಿಗೆ ಹೊಸ ಹಗ್ಗ ಹಾಕಿ ಮುಗಿದಿತ್ತು. ರೋಗಿಗಳನ್ನು ಹತ್ತಿಸುವ ಮುಂಚೆ ಯಾರಾದರೂ ಹತ್ತಿ ನೋಡಬೇಕು. ಮಾವ ನನ್ನನ್ನು ಕರೆದರು, ನಾನು ಹೊರಟೆ. ಅಪ್ಪ ಒಳಗಿನಿಂದ ಅಂಗಿ ತೊಟ್ಟು ಬಂದು, "ನಾನೂ ಬರ್ತೀನಿ" ಅಂದ.

ಮಂಚ ಹಿಡಿಸುವಷ್ಟು ದೊಡ್ಡ ಲಿಫ್ಟು. ಅಪ್ಪ ಬಾಗಿಲಲ್ಲಿ ತುಸು ನಿಂತು ಒಳಗೆ ಕಾಲಿಟ್ಟ. ಬಾಗಿಲು ಮುಚ್ಚಿಕೊಂಡಿತು. ಗೋಡೆಯಲ್ಲಿ ಯಂತ್ರದ ಕೋಣೆಗೆ ಮಾತಾಡುವ ಫೋನ್ ಇತ್ತು. ಅದನ್ನು ಅಪ್ಪ ಎಡಗೈಯ ಎರಡು ಬೆರಳಲ್ಲೇ ಎತ್ತಿಕೊಂಡ.

"ಏನಯ್ಯಾ, ಮೇಲಿದ್ದೀಯಾ?"

"ಮೇಲಿದ್ದೀನಿ... ಭಾವ?" ನಾನೊಬ್ಬಳೇ ಬರುತ್ತೇನೆ ಎಂದು ಮಾವ ಅಂದುಕೊಂಡಿದ್ದರು.

ಅಪ್ಪ ನನ್ನ ಮುಖ ನೋಡಿದ.

"ಮೇಲಕ್ಕೆ ತಗೋ" ಅಂದ.

ಲಿಫ್ಟು ಅಲುಗಲಿಲ್ಲ. ಅಪ್ಪ ಅವಸರ ಮಾಡಲಿಲ್ಲ.

"ಮೇಲಕ್ಕೆ ತಗೋತೀನಿ, ಭಾವ."

ಆಮೇಲೆ ಹೊರಟಿತು. ಏಳನೇ ಮಹಡಿ ಮುಟ್ಟುವವರೆಗೂ ಅಪ್ಪ ಫೋನ್ ಕೆಳಗಿಡಲಿಲ್ಲ.