ಹೊಲಿಗೆ ಅಕ್ಕೋರು ತಲೆ ಎರೆದ ಶನಿವಾರ

ನಮ್ಮ ಮನೆಯ ಹೆಂಗಸರಿಗೆಲ್ಲ ನೆಟ್ಟಗೆ ಇಳಿಬೀಳುವ ಕೂದಲು. ಅವ್ವನದು, ಇಬ್ಬರು ಅಕ್ಕಂದಿರದು, ಎಪ್ಪತ್ತು ದಾಟಿದ ಆಯಿಯದು ಕೂಡ. ನನ್ನೊಬ್ಬಳದೇ ಗುಂಗುರು. ಅಪ್ಪನ ಕಡೆಯ ಯಾವುದೋ ಮುತ್ತಜ್ಜಿಗೆ ಹೀಗೇ ಇತ್ತಂತೆ ಎಂದು ಅವ್ವ ಬಾಯಿಬಿಟ್ಟರೆ, ಅಪ್ಪನ ತಾಯಿಯಾದ ಆಯಿ, "ನಮ್ಮ ಪೈಕಿ ಯಾರಿಗೂ ಇರಲಿಲ್ಲವಾ. ಅದು ನಿಮ್ಮ ತವರಮನಿದು" ಎಂದು ಅಲ್ಲಿಗೇ ಮುಗಿಸುತ್ತಿದ್ದಳು.

ವಾರದಲ್ಲಿ ನನಗೆ ಬೇಡವಾದ ದಿನ ರವಿವಾರ. ಬೆಳಿಗ್ಗೆಯೇ ಆಯಿ ಬಚ್ಚಲಲ್ಲಿ ಹಂಡೆಗೆ ಉರಿ ಹಾಕಿ, ನನ್ನನ್ನು ಎರಡು ಮೊಣಕಾಲುಗಳ ನಡುವೆ ಕೂಡಿಸಿಕೊಂಡು ತಲೆ ಎರೆಯುತ್ತಿದ್ದಳು. ಅಲಖನೂರಿನ ನಮ್ಮ ತೋಟದ ಬಾವಿಯದು ಸವಳು ನೀರು. ಬೇಳೆ ಹಾಕಿದರೆ ಬೇಯುತ್ತಿರಲಿಲ್ಲ, ಸಾಬೂನು ತಿಕ್ಕಿದರೆ ನೊರೆ ಏಳುತ್ತಿರಲಿಲ್ಲ. ಆ ನೀರಿನಲ್ಲಿ ಸೀಗೆಕಾಯಿ ಪುಡಿ ಕಲಸಿ ಆಯಿ ನೆತ್ತಿಗೆ ತಿಕ್ಕುವಾಗ ಕಣ್ಣಲ್ಲಿ ಬೆಂಕಿ. ಕೂಗಿದರೆ ಬೆನ್ನಿಗೊಂದು ಏಟು. ಸೀಗೆಕಾಯಿಯಿಂದ ಎಣ್ಣೆಯ ಜಿಡ್ಡು ಹೋಗಲಿಲ್ಲವೆಂದರೆ ಮೇಲೊಂದು ಸುತ್ತು ಸಾಬೂನು.

ಒಣಗಿದ ಮೇಲೆ ನನ್ನ ತಲೆ ಹೇಗಿರುತ್ತಿತ್ತೆಂದು ಹೇಳಲು ನಮ್ಮೂರ ಹುಡುಗಿಯರಿಗೆ ಒಂದೇ ಮಾತು ಸಾಕಾಗಿತ್ತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮಲ್ಲಿ ರವದಿ ಎನ್ನುತ್ತಾರೆ. ಐದನೆಯ ಇಯತ್ತೆಯಿಂದಲೇ ನನ್ನ ಹೆಸರು ರವದಿ. ಹೈಸ್ಕೂಲಿಗೆಂದು ರಾಯಬಾಗಕ್ಕೆ ಬಸ್ಸಿನಲ್ಲಿ ಹೋಗತೊಡಗಿದ ಮೇಲಾದರೂ ಅದು ಬಿಟ್ಟೀತು ಎಂದುಕೊಂಡಿದ್ದೆ. ನಮ್ಮೂರಿನ ಮೂವರು ಹುಡುಗಿಯರು ಅದೇ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ವಾರದೊಳಗೆ ಇಡೀ ವರ್ಗಕ್ಕೆ ತಿಳಿಯಿತು.

ಶಾಲೆಯಲ್ಲಿ ಎರಡು ಹೆರಳು ಹಾಕಿ, ಮಡಚಿ, ಕೆಂಪು ರಿಬ್ಬನ್ ಕಟ್ಟಲೇಬೇಕು. ನನ್ನ ಹೆರಳು ಮೊದಲ ತಾಸು ಮುಗಿಯುವುದರೊಳಗೆ ಸುತ್ತಲೂ ಕೆದರಿ ನಿಲ್ಲುತ್ತಿತ್ತು. ಪ್ರಾರ್ಥನೆಯ ಸಾಲಿನಲ್ಲಿ ಪಿ.ಟಿ. ಮಾಸ್ತರರು ದಿನಾ, "ಏನವಾ, ಹಣಗಿ ಮಾರತಾರ ಪ್ಯಾಟ್ಯಾಗ, ಗೊತ್ತೈತೇನು?" ಎನ್ನುವರು. ಹಣಿಗೆ ನನ್ನ ಹತ್ತಿರವೂ ಇತ್ತು. ಹಲ್ಲು ಮುರಿದವು ನಾಲ್ಕೈದು. ಅಥಣಿಯ ಸೋದರತ್ತೆಯ ಮಗಳ ಮದುವೆಯಲ್ಲಿ ಯಾರೋ ಕೊಟ್ಟ ಶಾಂಪೂ ಚೀಟಿ ಎರಡನ್ನೂ ಒಮ್ಮೆಲೇ ಸುರಿದುಕೊಂಡು ತೊಳೆದೆ. ಒಣಗಿದ ಮೇಲೆ ತಲೆ ಇದ್ದುದಕ್ಕಿಂತ ಎರಡು ಪಟ್ಟಾಯಿತು. ಮದುವೆಯ ಫೋಟೋದಲ್ಲಿ ಅತ್ತೆಯ ಹಿಂದೆ ತಲೆ ತುಂಬ ಸೆರಗು ಹೊದ್ದು ನಿಂತಿರುವ ಹುಡುಗಿ ನಾನೇ. ಹದಿಮೂರು ವರ್ಷದವಳು ಯಾಕೆ ಸೆರಗು ಹೊದ್ದಿದ್ದಾಳೆ ಎಂದು ಈಗಲೂ ಆಲ್ಬಮ್ ನೋಡಿದವರು ಕೇಳುತ್ತಾರೆ.

ಒಂಬತ್ತನೆಯ ವರ್ಗದಲ್ಲಿದ್ದಾಗ ಹೊಲಿಗೆ ಕಲಿಸಲು ಹೊಸ ಅಕ್ಕೋರು ಬಂದರು. ನಮ್ಮಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಕರೆಯುವುದು. ಇವರು ಗಡಿಯಾಚೆಯ ಮಿರಜ ಕಡೆಯವರು, ಮಾತಿನಲ್ಲಿ ಅರ್ಧ ಮರಾಠಿ. ಮೊದಲ ದಿನ ಅವರು ಬೋರ್ಡಿನ ಕಡೆ ತಿರುಗಿದಾಗ ನಾನು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ನೋಡಿದೆ. ನನ್ನಂಥದೇ ಗುಂಗುರು ಕೂದಲು. ಆದರೆ ಒಂದೊಂದು ಎಳೆಯೂ ಉಂಗುರದ ಹಾಗೆ ಸುತ್ತಿಕೊಂಡು, ಕಪ್ಪಗೆ ಹೊಳೆಯುತ್ತ ಬೆನ್ನಿನವರೆಗೆ ಇಳಿದಿತ್ತು. ಎಲ್ಲಿಯೂ ಕೆದರಿರಲಿಲ್ಲ. ಸಂತೋಷವಾಗಲಿಲ್ಲ ನನಗೆ. ಹೊಟ್ಟೆ ಉರಿಯಿತು.

ತಿಂಗಳು ಕಳೆದಿರಬೇಕು. ಗುಂಡಿಗೆ ಕಾಜಾ ಮಾಡುವುದನ್ನು ತೋರಿಸಲು ಬಗ್ಗಿದವರು ನನ್ನ ಹೆರಳನ್ನು ಕೈಯಲ್ಲಿ ಹಿಡಿದು ನೋಡಿದರು.

"ಅಗ ಬಾಯಿ! ಇದಕ್ಕ ಏನ್ ಹಚ್ಚತೀ ನೀ?"

"ಸೀಗಿಕಾಯಿರಿ. ಸಾಬಾನ ಸೈತ."

"ಒಣಗಿದ ಮ್ಯಾಲೆ ಹಣಗಿ ಹಾಕತೀಯೇನು?"

"ಹೌದ್ರಿ."

"ಅದಕ್ಕ. ಶನಿವಾರ ಸಾಲಿ ಬಿಟ್ಟ ಮ್ಯಾಲೆ ನಮ್ಮ ಮನಿಗೆ ಬಾ."

ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತಿತ್ತು. ಅವರ ಬಾಡಿಗೆಯ ಖೋಲಿ ಬಸ್‌ಸ್ಟ್ಯಾಂಡಿನ ದಾರಿಯಲ್ಲೇ. ಒಳಗೆ ಒಂದು ಹೊಲಿಗೆ ಮಷಿನ್, ಸ್ಟೋವ್, ಗೋಡೆಯ ಮೇಲೆ ಬುದ್ಧನ ಪಟ. ಅವರ ಗಂಡ ಐನಾಪುರದಲ್ಲಿ ನೌಕರಿಯಲ್ಲಿದ್ದರು, ರವಿವಾರಕ್ಕೊಮ್ಮೆ ಬರುತ್ತಿದ್ದರು. ಅಕ್ಕೋರು ರಾತ್ರಿಯೇ ನೆನೆಹಾಕಿದ್ದ ಮೆಂತೆಕಾಳನ್ನು ದಾಸವಾಳದ ಎಲೆಯ ಜೊತೆ ನುಣ್ಣಗೆ ರುಬ್ಬಿದರು. ಅದನ್ನು ತೆಳು ಮಜ್ಜಿಗೆಯಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿದರು. ಲೋಳೆಲೋಳೆಯಾಗಿ ಹಸಿರಾಗಿತ್ತು.

"ಸಾಬಾನ?" ಎಂದೆ.

"ಇಲ್ಲ. ಸೀಗಿಕಾಯಿನೂ ಇಲ್ಲ. ತೊಳಿಯೂದೂ ಇದ, ಎಣ್ಣಿಯಂಗ ಮೆತ್ತಗ ಮಾಡೂದೂ ಇದ. ನಮ್ಮಂಥಾ ಕೂದಲಕ್ಕ ಸಾಬಾನ ಅಂದ್ರ ವೈರಿ ನೋಡ ಬಾಳಾ."

ನಮ್ಮಂಥಾ ಎಂದರು. ಆ ಮಾತನ್ನು ನನಗೆ ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.

ನಳದ ಸಿಹಿನೀರನ್ನು ಬೆಚ್ಚಗೆ ಮಾಡಿ, ತಲೆ ತೋಯಿಸಿ, ಆ ಲೋಳೆಯನ್ನು ನೆತ್ತಿಯಿಂದ ತುದಿಯವರೆಗೆ ಹಚ್ಚಿದರು. ತಿಕ್ಕಲಿಲ್ಲ. ಬೆರಳ ತುದಿಯಿಂದ ನೆತ್ತಿಯನ್ನು ಮೆಲ್ಲಗೆ ಒತ್ತಿ ಜಿಡ್ಡನ್ನು ಬಿಡಿಸಿದರು. ಲೋಳೆ ಇರುವಾಗಲೇ ತುದಿಯಿಂದ ಶುರುಮಾಡಿ ಮೇಲಕ್ಕೆ ಒಂದೊಂದೇ ಸಿಕ್ಕನ್ನು ಬೆರಳಿನಿಂದಲೇ ತೆಗೆದರು. ಅರ್ಧ ತಾಸು ಹಿಡಿಯಿತು. ನನಗೆ ಒಂದು ಸಲವೂ ನೋಯಲಿಲ್ಲ. ನೋವಿಲ್ಲದೆ ತಲೆ ಎರೆಯಬಹುದು ಎನ್ನುವುದೇ ನನಗೆ ಗೊತ್ತಿರಲಿಲ್ಲ, ಅಳು ಬಂತು. ನೀರು ಸುರಿಯುತ್ತಿದ್ದುದರಿಂದ ಅವರಿಗೆ ತಿಳಿಯಲಿಲ್ಲ. ಕೊನೆಗೆ ಹಳೆಯ ನೂಲಿನ ಸೀರೆಯಿಂದ ಹಿಂಡಿ, "ಈಗ ಮುಟ್ಟಬ್ಯಾಡ. ತಾನ ಆರಲಿ" ಎಂದರು. ಆರುವವರೆಗೆ ಅವಲಕ್ಕಿ ತಿಂದು, ಚಹಾ ಕುಡಿದು ಕೂತೆವು.

ಮೂರು ಗಂಟೆಯ ಬಸ್ಸಿಗೆ ಊರಿಗೆ ಹೋದೆ. ಹೆರಳು ಹಾಕಿರಲಿಲ್ಲ, ಸಡಿಲಾಗಿ ಒಂದು ರಿಬ್ಬನ್ ಅಷ್ಟೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟು ಎದ್ದು ಬಂದಳು. ಒಂದು ಸುರುಳಿಯನ್ನು ಎಳೆದು ಬಿಟ್ಟಳು. ಅದು ಪುಟಿದು ಮತ್ತೆ ಸುತ್ತಿಕೊಂಡಿತು. ಅವ್ವ ನಕ್ಕಳು, ಮತ್ತೆ ಎಳೆದಳು. ಅಕ್ಕಂದಿರೂ ಬಂದರು. ಆಯಿ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೇಳಿದಳು:

"ಯಾರ ಎರದಾರ?"

ಹೇಳಿದೆ. ಹೊಲಿಗೆ ಅಕ್ಕೋರು, ಖೋಲಿ, ಮೆಂತೆ, ಮಜ್ಜಿಗೆ. ಖುಷಿಯಲ್ಲಿ ಎಲ್ಲವನ್ನೂ ಹೇಳಿದೆ. ಗೋಡೆಯ ಮೇಲಿನ ಪಟ ಯಾವುದೆಂದು ಆಯಿ ಕೇಳಿದಾಗ ಅದನ್ನೂ ಹೇಳಿದೆ. ಯಾಕೆ ಕೇಳುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಬುದ್ಧನ ಪಟ ಯಾವ ಕೇರಿಯವರ ಮನೆಯಲ್ಲಿರುತ್ತದೆಂದು ಆಯಿಗೆ ಗೊತ್ತಿತ್ತು.

ಆಯಿ ಜಾತಿಯ ಹೆಸರನ್ನು ಎತ್ತಲಿಲ್ಲ. "ಯಾರ ಬಚ್ಚಲದಾಗ ಹೋಗಿ ತಲಿ ಕೊಟ್ಟ ಬಂದೀಯಲ್ಲ" ಎಂದಷ್ಟೇ ಅಂದು, ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಹಂಡೆಗೆ ಉರಿ ಹಾಕಲಿಲ್ಲ. ಬಾವಿಯ ತಣ್ಣೀರನ್ನು ಕೊಡದಿಂದ ಹಾಗೇ ಸುರಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಸಾಬೂನಿನ ಬಿಲ್ಲೆ ತೆಗೆದುಕೊಂಡು ತಲೆಗೆ ತಿಕ್ಕಿದಳು. ಒಮ್ಮೆ ಅಲ್ಲ, ಮೂರು ಸಲ. "ಬ್ಯಾಡ ಆಯಿ, ಹಾಳಾಗತೈತಿ" ಎಂದು ನಾನು ಕೂಗುತ್ತಲೇ ಇದ್ದೆ. ಅವ್ವ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. "ಸಾಕ್ರಿ ಅತ್ತಿ, ಹುಡುಗಿ ನಡಗಾಕತ್ತೈತಿ" ಎಂದಳು. ಆಯಿ ತಿರುಗಿ ನೋಡಿದ ಕೂಡಲೇ ಒಳಗೆ ಹೋದಳು. ಅವ್ವ ಹೋದದ್ದು ನನಗೆ ಆಯಿಯ ಕೈಗಿಂತ ಹೆಚ್ಚು ಸಿಟ್ಟು ತಂದಿತು.

ಸೋಮವಾರ ಶಾಲೆಗೆ ಹೋದಾಗ ತಲೆ ಎಂದಿಗಿಂತ ಕೆಟ್ಟಿತ್ತು. ಮುಟ್ಟಿದರೆ ಕರಕರ ಎನ್ನುತ್ತಿತ್ತು. ಹೊಲಿಗೆಯ ತಾಸಿನಲ್ಲಿ ಅಕ್ಕೋರು ನನ್ನ ಬೆಂಚಿನ ಹತ್ತಿರ ಬಂದು ನಿಂತರು.

"ಏನಾತು?"

"ತ್ವಾಟದಾಗ ಮಣ್ಣ ಬಿತ್ತರಿ ತಲಿಮ್ಯಾಗ. ನಾನ ಮತ್ತ ತೊಳಕೊಂಡೆ."

"ಹೌದಾ" ಎಂದರು. ಮುಂದಿನ ಬೆಂಚಿಗೆ ಹೋದರು. ಅವರು ಮತ್ತೆ ಕರೆಯಲಿಲ್ಲ. ನಾನೂ ಹೋಗಲಿಲ್ಲ.

ಆದರೆ ಆಯಿಯ ಮೊಣಕಾಲ ನಡುವೆ ಇನ್ನು ಕೂರುವುದಿಲ್ಲ ಎಂದು ಹಟ ಹಿಡಿದೆ. ಮುಂದಿನ ರವಿವಾರ ಬಚ್ಚಲ ಬಾಗಿಲ ಅಗುಳಿ ಹಾಕಿಕೊಂಡು ನಾನೇ ಎರೆದುಕೊಂಡೆ. ಆಯಿ ಹೊರಗಿನಿಂದ ಬಾಗಿಲು ಬಡಿದಳು, ಬೈದಳು, ಆಮೇಲೆ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಮೆಂತೆ ರುಬ್ಬಿ ಮುಚ್ಚಿಟ್ಟ ಬಟ್ಟಲು ಮಾತ್ರ ಪ್ರತಿ ರವಿವಾರ ಬಚ್ಚಲ ಗೂಡಿನಲ್ಲಿ ಇರುತ್ತಿತ್ತು. ಇಡುತ್ತಿದ್ದವಳು ಅವ್ವ. ಇಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ. ನನಗೂ ಕೃತಜ್ಞತೆ ಹುಟ್ಟಲಿಲ್ಲ, ಸಿಟ್ಟು ಇಳಿದಿರಲಿಲ್ಲ.

ಅಷ್ಟಾದರೂ ಕೂದಲು ಅಕ್ಕೋರು ಎರೆದ ದಿನದ ಹಾಗೆ ಆಗಲೊಲ್ಲದು. ಮೆಂತೆ ಹೆಚ್ಚು ಹಾಕಿದೆ, ಕಡಿಮೆ ಹಾಕಿದೆ. ಮಜ್ಜಿಗೆ ಹುಳಿ ಬರಿಸಿದೆ. ಒಮ್ಮೆ ಸೋಸದೆ ಹಚ್ಚಿದ್ದರಿಂದ ಮೆಂತೆಯ ಚೂರು ಕೂದಲಲ್ಲೆಲ್ಲ ಒಣಗಿ, ಇಡೀ ವಾರ ಹೊಟ್ಟು ಉದುರಿದಂತೆ ಉದುರಿತು. ವರ್ಗದ ಹುಡುಗಿಯರು ರವದಿಗೆ ಹೇನು ಬಿದ್ದಿವೆ ಎಂದು ಬೆಂಚು ಬದಲಿಸಿದರು. ಹೋಗಿ ಕೇಳಿದ್ದರೆ ಅಕ್ಕೋರು ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ಕೇಳಬೇಕೆಂದರೆ ಆ ಮಣ್ಣಿನ ಸುಳ್ಳು ಅಡ್ಡ ಬರುತ್ತಿತ್ತು. ತಪ್ಪು ನಮ್ಮ ಬಾವಿಯ ಸವಳು ನೀರಿನದು ಎಂದು ಹೊಳೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಅಂದಿನಿಂದ ಶನಿವಾರ ಶಾಲೆಯ ನಳದಲ್ಲಿ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ತುಂಬಿಕೊಂಡು ಊರಿಗೆ ಒಯ್ಯತೊಡಗಿದೆ. ಮುಚ್ಚಳ ಸರಿಯಿರಲಿಲ್ಲ. ಒಮ್ಮೆ ಬಸ್ಸು ಗುಂಡಿಗೆ ಇಳಿದಾಗ ಮುಂದಿನ ಸೀಟಿನ ಮುದುಕರ ಧೋತರದ ಮೇಲೆ ಅರ್ಧ ಕ್ಯಾನ್ ಚೆಲ್ಲಿತು.

"ಏನೈತಿ ಇದರಾಗ?" ಎಂದ ಕಂಡಕ್ಟರ್.

"ನೀರರಿ."

"ನೀರ? ಅಲಖನೂರಾಗ ನೀರಿಲ್ಲೇನವಾ? ಹೊಳಿ ಹಂತ್ಯಾಕ ಐತೆಲ್ಲ!"

ತಲೆ ತೊಳೆಯಲು ಎಂದು ಹೇಗೆ ಹೇಳುವುದು? "ನಮ್ಮ ಆಯಿಗೆ ಔಷಧ ಕುದಿಸಾಕರಿ" ಎಂದೆ. ಅಂದಿನಿಂದ ಆತ ಪ್ರತಿ ಶನಿವಾರ, "ಆಯಿ ಹ್ಯಾಂಗದಾಳ?" ಎಂದು ಕೇಳುವನು. "ಹಂಗ ಅದಾಳ್ರಿ" ಎನ್ನುವೆ. ಆಯಿ ಮನೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದಳು.

ಕೊನೆಯ ಎರಡು ಚರಿಗೆ ಸಿಹಿನೀರು ಹಾಕತೊಡಗಿದ ಮೇಲೆ ಕೂದಲು ದಾರಿಗೆ ಬಂತು. ಹತ್ತನೆಯ ವರ್ಗದ ಹೊತ್ತಿಗೆ ರವದಿ ಎನ್ನುವವರು ಕಡಿಮೆಯಾದರು. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಕ್ಕೋರಿಗೆ ಐನಾಪುರಕ್ಕೆ ವರ್ಗವಾಯಿತು. ಹೋಗುವ ಮುನ್ನ ಒಮ್ಮೆ ಮಾತಾಡಬೇಕೆಂದುಕೊಂಡು ನಾಳೆ ನಾಳೆ ಎಂದು ತಳ್ಳಿದೆ. ಖೋಲಿಗೆ ಬೀಗ ಬಿತ್ತು.

ಮುಂದೆ ನಾನೂ ಕಲಿಸುವ ಕೆಲಸಕ್ಕೇ ಸೇರಿದೆ. ತೊಂಬತ್ತರ ದಶಕದಲ್ಲಿ ನಿಪ್ಪಾಣಿಯಲ್ಲಿದ್ದಾಗ ಚಿಕ್ಕೋಡಿಯಲ್ಲಿ ಶಿಕ್ಷಕರ ತರಬೇತಿ ನಡೆಯಿತು. ಮೊದಲ ದಿನ ಸಹಿ ಮಾಡುವ ಸಾಲಿನಲ್ಲಿ ನನ್ನ ಮುಂದೆ ನಿಂತವರ ಕೂದಲು ಕುತ್ತಿಗೆಯವರೆಗಷ್ಟೇ ಇತ್ತು, ಅರ್ಧ ಬೆಳ್ಳಗಾಗಿತ್ತು. ಧ್ವನಿ ಕೇಳಿದ ಮೇಲೆ ಗುರುತು ಸಿಕ್ಕಿತು. ಊಟದ ಹೊತ್ತಿಗೆ ಬುತ್ತಿ ಹಿಡಿದು ಅವರ ಪಕ್ಕ ಹೋಗಿ ಕೂತೆ. ಇಷ್ಟು ವರ್ಷ ಬಾಯಿಗೆ ಬಂದು ನಿಂತಿದ್ದುದನ್ನು ಹೇಳಿಬಿಟ್ಟೆ.

"ಅಕ್ಕೋರ, ಅವತ್ತ ತಲಿಮ್ಯಾಗ ಮಣ್ಣ ಬಿದ್ದಿರಲಿಲ್ಲರಿ. ನಮ್ಮ ಆಯಿ..."

"ಗೊತ್ತಿತ್ತಲ್ಲ" ಎಂದರು ಅವರು. "ಬಟ್ಟಿ ಸಾಬಾನದ ವಾಸನಿ ಇಡೀ ವರ್ಗಕ್ಕ ಬರತಿತ್ತು. ಅಂಥಾ ಆಯಿಗೋಳನ್ನ ನಾ ಸಣ್ಣಾಕಿ ಇದ್ದಾಗಿಂದ ನೋಡೀನಿ. ಅವರ ಮ್ಯಾಲೆ ಸಿಟ್ಟ ಮಾಡೂದ ಬಿಟ್ಟ ಭಾಳ ದಿನಾ ಆತು."

"ಕ್ಷಮಾ ಮಾಡ್ರಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಒಂದ ಕೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ. ವರ್ಷದ ಮ್ಯಾಲೆ ನೀ ಶನಿವಾರಕ್ಕೊಮ್ಮೆ ನೀರಿನ ಕ್ಯಾನ ಹೊತಗೊಂಡ ನನ್ನ ಖೋಲಿ ಮುಂದಿಂದ ಬಸ್‌ಸ್ಟ್ಯಾಂಡಿಗೆ ಹೋಗತಿದ್ದಿ. ನಾ ಖಿಡಕಿಯಾಗ ಮಷಿನ್ ತುಳಕೋತ ಕುಂತಿರತಿದ್ದೆ. ಒಂದ ದಿನಾರ ಒಳಗ ಬರತೀಯೇನೋ ಅಂತ. ನಿಮ್ಮ ಆಯಿ ಅಂತೂ ರಾಯಬಾಗದಾಗ ಇರಲಿಲ್ಲ. ಮತ್ತ ನೀ ಯಾಕ ಬರಲಿಲ್ಲ?"

ಸುಳ್ಳು ಹೇಳಿದ ನಾಚಿಕೆ ಎಂದೆ. ಅರ್ಧ ನಿಜ. ಉಳಿದರ್ಧ ಆಗಲೇ ಮನಸ್ಸಿಗೆ ಬಂತು, ಹೇಳಲಾಗಲಿಲ್ಲ. ಆಯಿಗೆ ಮತ್ತೆ ಗೊತ್ತಾದರೆ ಎಂಬ ಅಂಜಿಕೆ ನನ್ನನ್ನು ಆ ಬೀದಿಯ ಇನ್ನೊಂದು ಬದಿಗೆ ತಳ್ಳುತ್ತಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಹೋದ ಅವ್ವನ ಮೇಲೆ ಹತ್ತು ವರ್ಷ ಸಿಟ್ಟಿಟ್ಟುಕೊಂಡಿದ್ದವಳು ನಾನು. ಅಕ್ಕೋರು ಹೆಚ್ಚು ಕೆದಕಲಿಲ್ಲ. ತಮ್ಮ ಬುತ್ತಿಯ ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿದರು.

ಆ ತಿಂಗಳೇ ಒಂದು ರವಿವಾರ ಐನಾಪುರದ ಅವರ ಮನೆಗೆ ಹೋದೆ. ಎರಡು ಬಸ್ಸು ಬದಲಿಸಿ ಹೋದರೆ ಅಕ್ಕೋರು ಮನೆಯಲ್ಲಿರಲಿಲ್ಲ, ತವರಿಗೆ ಹೋಗಿದ್ದರು. ಅವರ ಗಂಡ ಚಹಾ ಕೊಟ್ಟರು. ಎರಡು ತಾಸು ಕಾದು, ನನ್ನ ಮೇಲೆ ನಾನೇ ರೇಗುತ್ತ ನಿಪ್ಪಾಣಿಗೆ ಹಿಂತಿರುಗಿದೆ. ದೀಪಾವಳಿಯ ಸೂಟಿಯಲ್ಲಿ ಮತ್ತೆ ಹೋದೆ. ಅಕ್ಕೋರು ಬಾಗಿಲು ತೆಗೆದು, "ಬಾ, ಕಾಲ ತೊಳಕೊಂಡ ಬಾ. ರೊಟ್ಟಿ ಬಡ್ಯಾಕತ್ತೀನಿ" ಎಂದರು. ಒಲೆಯ ಹತ್ತಿರವೇ ಮಣೆ ಹಾಕಿದರು. ಮೂರು ರೊಟ್ಟಿ ತಿಂದೆ.