ಎರಡೂ ಪೊಟ್ಟಣದಲ್ಲಿ ಬಿಳಿ ಹೂವು

ದೇವರ ಮುಂದೆ ಕೂತು ನಾನು ಮೋಸ ಮಾಡಿದೆ. ಮೋಸ ಹೋದವಳು ನನ್ನ ಹೆಂಡತಿ ಕಮಲಾ. ಅವಳಿಗೆ ಇದು ಇನ್ನೂ ಗೊತ್ತಿಲ್ಲ — ಪಕ್ಕದ ಕೋಣೆಯಲ್ಲೇ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಾಳೆ.

ಕೊರೊನಾ ಇಳಿದ ಮೇಲಿನ ಮಾತು. ನಾವಿನ್ನೂ ಧಾರವಾಡದಲ್ಲಿದ್ದೆವು. ಅಳಿಯನಿಗೆ ಅಮೆರಿಕದ ಕೆಲಸ ಗಟ್ಟಿಯಾಗಿತ್ತು. ಕಂಪನಿಯವರು ಎರಡು ಕಡೆ ಆಫೀಸು ತೋರಿಸಿ, ಎಲ್ಲಿ ಮನೆ ಮಾಡುತ್ತೀರೋ ನೀವೇ ಹೇಳಿ ಎಂದಿದ್ದರು — ವಾಷಿಂಗ್ಟನ್ ಹತ್ತಿರದ ಫೇರ್‌ಫ್ಯಾಕ್ಸ್, ಇಲ್ಲವೇ ಅಟ್ಲಾಂಟಾ ಹತ್ತಿರದ ಡುಲುತ್. ಮಗಳು ಒಬ್ಬಳೇ. ಅವಳು ಹೋದ ಊರಿಗೆ ವರ್ಷಕ್ಕಿಷ್ಟು ತಿಂಗಳು ನಾವೂ ಹೋಗಿ ಇರುವವರೇ.

ಡುಲುತ್‌ನಲ್ಲಿ ಕಮಲಾಳ ಅಣ್ಣ ಶಿವಾನಂದ ಇದ್ದರು. ಎಂಜಿನಿಯರಾಗಿ ಹೋಗಿ ಅಲ್ಲೇ ನೆಲೆಸಿದವರು. ಸುದ್ದಿ ಕೇಳಿದ ದಿನವೇ ಫೋನ್ ಮಾಡಿದರು.

"ತಂಗಿ, ಈ ಕಡೆನ ಬರ್ರಿ. ಪಂಚಮಿಗೆ ನಾನ ಕಾರ್ ತಗೊಂಡು ಕರೀಲಿಕ್ಕೆ ಬರ್ತೀನಿ. ಹಿತ್ತಲದಾಗ ಜೋಕಾಲಿ ಕಟ್ಟತೀನಿ."

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಅವರು ದೇಶ ಬಿಟ್ಟ ಮೇಲೆ ಕಮಲಾಳನ್ನು ಕರೆಯುವವರೇ ಇರಲಿಲ್ಲ. ಪ್ರತಿವರ್ಷ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಿದ್ದಳು, ಬಾಗಿಲ ಕಡೆ ನೋಡುತ್ತಿರಲಿಲ್ಲ. ಆ ದಿನ ಫೋನ್ ಇಟ್ಟವಳು ಅಡುಗೆಮನೆಯಲ್ಲಿ ಏನೋ ಹಾಡಿಕೊಂಡಳು — ನಾನು ಕೇಳಿಸಿಕೊಂಡೆ.

ಆದರೆ ನನಗೆ ಆ ಮನುಷ್ಯ ಬೇಡವಾಗಿತ್ತು. ನಾನು ಮೆಟ್ರಿಕ್ ಮುಗಿಸಿ ಬಸ್ ಡಿಪೋ ಸೇರಿದವನು. ಮದುವೆಯ ದಿನದಿಂದ ಅವರು ನನಗಿಟ್ಟ ಹೆಸರು 'ಮೆಟ್ರಿಕ್ ಸಾಹೇಬ್ರು'. ತುಂಬಿದ ಪಂಕ್ತಿಯಲ್ಲಿ ಒಮ್ಮೆ ಕೂಗಿದ್ದರು: "ಮೆಟ್ರಿಕ್ ಸಾಹೇಬ್ರಿಗೆ ಇನ್ನೆರಡು ಹೋಳಿಗಿ ಹಾಕ್ರೋ, ಎಷ್ಟಾದವು ಅಂತ ಅವರಿಗೇನ್ ತಿಳೀತದ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಪ್ಪಿನಲ್ಲಿ, ಪರದೇಶದಲ್ಲಿ, ಮತ್ತೆ ಆ ಹೆಸರು ಕೇಳುತ್ತಾ ಅವರ ಮನೆಯ ಸೋಫಾದ ಮೇಲೆ ಕೂರುವುದು — ಆಗದು ಅನ್ನಿಸಿತು. ಬಾಯಿ ಬಿಟ್ಟು ಹಾಗೆಂದಿದ್ದರೆ ಜಗಳವಾಗುತ್ತಿತ್ತು, ಅಷ್ಟೇ. ಹೇಳಲಿಲ್ಲ.

ಮಗಳು ಡುಲುತ್ ಎಂದಳು. ಅಳಿಯ, ಮೆಟ್ರೋ ರೈಲು ಇದೆ, ಫೇರ್‌ಫ್ಯಾಕ್ಸೇ ಇರಲಿ ಎಂದ. ಮಾತು ಮುಗಿಯಲಿಲ್ಲ. "ದೇವರಿಗೆ ಹೂ ಕೇಳೂಣು," ಎಂದವಳು ಕಮಲಾನೇ. ಬಿಳಿ ಹೂವೊಂದು, ಕೆಂಪು ಹೂವೊಂದು, ಬೇರೆ ಬೇರೆ ಕಾಗದದಲ್ಲಿ ಸುತ್ತಿ ದೇವರ ಮುಂದಿಟ್ಟು, ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಬಿಳಿ ಬಂದರೆ ಫೇರ್‌ಫ್ಯಾಕ್ಸ್, ಕೆಂಪು ಬಂದರೆ ಡುಲುತ್. ಪೊಟ್ಟಣ ಕಟ್ಟುವುದು ಮನೆಯ ಹಿರಿಯನ ಕೆಲಸ.

ಹಿತ್ತಲಿನ ಕಣಗಿಲೆ ಕಿತ್ತು ತಂದೆ. ಎರಡೂ ಪೊಟ್ಟಣದಲ್ಲಿ ಬಿಳಿಯದನ್ನೇ ಇಟ್ಟೆ. ಕೆಂಪು ಹೂವು ನನ್ನ ಅಂಗಿಯ ಜೇಬಿನಲ್ಲಿತ್ತು.

ಕಮಲಾ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. ತುಟಿ ಅಲುಗುತ್ತಿತ್ತು — ಏನು ಬೇಡಿಕೊಂಡಳೋ, ನನಗೆ ಗೊತ್ತು. ಎತ್ತಿದಳು. ಬಿಚ್ಚಿದಳು. ಒಂದು ಗಳಿಗೆ ನೋಡಿ, ಹೂವನ್ನು ಕಣ್ಣಿಗೊತ್ತಿಕೊಂಡು, "ಆತು ಬಿಡ್ರಿ. ಅವನ ಮಾತು ಮೀರಬಾರದು," ಎಂದಳು. ಮಗಳು, "ಅವ್ವಾ, ಇನ್ನೊಂದ್ಸಲ..." ಎಂದಾಗ ಇವಳೇ ಗದರಿದಳು. ಉಳಿದ ಪೊಟ್ಟಣವನ್ನು ಬಿಚ್ಚಬಾರದು ಎಂದು ಹೇಳಿ ನಾನೇ ಎತ್ತಿಕೊಂಡು ಹೋದೆ.

ಮರುವರ್ಷ ನಾವೂ ಫೇರ್‌ಫ್ಯಾಕ್ಸ್‌ಗೆ ಬಂದೆವು. ಶನಿವಾರ ಅಳಿಯ ಹತ್ತಿರದ ಲ್ಯಾನ್‌ಹ್ಯಾಮ್ ಊರಿನ ದೇವಸ್ಥಾನಕ್ಕೆ ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಡುಲುತ್ ಇಲ್ಲಿಂದ ಕಾರಿನಲ್ಲಿ ಇಡೀ ದಿನದ ದಾರಿ. ಅಷ್ಟು ದೂರ ಓಡಿಸಬೇಡಿ ಎಂದು ಶಿವಾನಂದರಿಗೆ ಡಾಕ್ಟರು ಹೇಳಿದ್ದರು. ಒಬ್ಬಳೇ ವಿಮಾನ ಹತ್ತಲು ಕಮಲಾಳಿಗೆ ಧೈರ್ಯವಿಲ್ಲ. ನಡಿ, ನಾನು ಬರುತ್ತೇನೆ ಎಂದು ನಾನು ಹೇಳಲಿಲ್ಲ. ಪಂಚಮಿಯ ದಿನ ಅವರು ಫೋನಿನಲ್ಲೇ ಹಿತ್ತಲು ತೋರಿಸಿದರು. ಮರಕ್ಕೆ ಹಗ್ಗದ ಜೋಕಾಲಿ, ಖಾಲಿ ತೂಗುತ್ತಿತ್ತು.

"ಕಟ್ಟೀನಿ ನೋಡವಾ. ಯಾವಾಗ ಬರ್ತಿ?"

"ದೇವರ ಬಿಳಿ ಹೂ ಕೊಟ್ಟನಲ್ಲೋ ಅಣ್ಣಾ, ನಾ ಏನ್ ಮಾಡ್ಲಿ?" ಎಂದು ಇವಳು ನಕ್ಕಳು.

ಮುಂದಿನ ವರ್ಷ ಎಂದುಕೊಳ್ಳುತ್ತಲೇ ಅವರ ನೆನಪು ಕೆಡಲು ಶುರುವಾಯಿತು. ಫೋನಿನಲ್ಲಿ ಮೊದಲು ಊರಿನ ಹೆಸರುಗಳು ತಪ್ಪಿದವು, ಆಮೇಲೆ ಮಾತೇ ಕಡಿಮೆಯಾಯಿತು. ಹೋದ ಬೇಸಿಗೆಯಲ್ಲಿ ಮಗಳು ರಜೆ ಹಾಕಿ, ಎರಡು ಕೆರೊಲಿನಾ ರಾಜ್ಯಗಳನ್ನು ದಾಟಿಸಿ ನಮ್ಮನ್ನು ಕಾರಿನಲ್ಲಿ ಡುಲುತ್‌ಗೆ ಕರೆದೊಯ್ದಳು. ಕಮಲಾಳ ತೊಡೆಯ ಮೇಲೆ ದಾರಿಯುದ್ದಕ್ಕೂ ಉಂಡಿಯ ಡಬ್ಬಿ.

ಅವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ತಂಗಿಯನ್ನು ನೋಡಿ ಕೈ ಮುಗಿದರು. "ಬರ್ರಿ ಆಂಟಿ, ಕೂಡ್ರಿ," ಎಂದರು — ಪರಿಚಯವಿಲ್ಲದವರಿಗೆ ಇಲ್ಲಿ ಹೇಳುವ ಹಾಗೆ. ಅವಳು ಡಬ್ಬಿ ಹಿಡಿದೇ ನಿಂತಿದ್ದಳು. ಅಷ್ಟರಲ್ಲಿ ಹಿಂದೆ ನಿಂತಿದ್ದ ನನ್ನ ಮೇಲೆ ಅವರ ಕಣ್ಣು ಬಿತ್ತು. ಮುಖ ಪೂರಾ ಅರಳಿತು.

"ಓಹೋ! ಮೆಟ್ರಿಕ್ ಸಾಹೇಬ್ರ! ಬರ್ರಿ ಬರ್ರಿ!"

ನನ್ನ ಕೈ ಹಿಡಿದವರು ಬಿಡಲಿಲ್ಲ. ವಾಪಸು ಬರುವಾಗ ಕಮಲಾ ಎಂದಳು, "ಹೋಗಲಿ, ನಿಮ್ಮನ್ನರ ಗುರ್ತು ಹಿಡಿದನಲ್ಲ." ಅದರಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಸಮಾಧಾನ ಪಟ್ಟಿದ್ದಳು. ಕೊಂಕಿದ್ದರೆ ನಾನು — ಇರಲಿ.

ಈಗ ಅಳಿಯನ ಕಂಪನಿ ಮತ್ತೆ ಕೇಳಿದೆ: ಇಲ್ಲೇ ಇರುತ್ತೀರೋ, ಶಾರ್ಲೆಟ್‌ಗೆ ಹೋಗುತ್ತೀರೋ? ಅಲ್ಲಿಂದ ಡುಲುತ್ ಅರ್ಧ ದಿನದೊಳಗಿನ ದಾರಿ. ಬೆಳಿಗ್ಗೆ ಕಮಲಾ ಅಂಗಡಿಯಿಂದ ಗುಲಾಬಿ ತರಿಸಿದಳು, ಒಂದು ಬಿಳಿ, ಒಂದು ಕೆಂಪು. "ಹೋದ ಸಲದಂಗ ನೀವ ಕಟ್ಟಿಕೊಡ್ರಿ," ಎಂದು ನನ್ನ ಮುಂದಿಟ್ಟು ಹೋದಳು.

ನಾನು ಕಾಗದ ಹರಿಯಲಿಲ್ಲ. ಪೊಟ್ಟಣ ಕಟ್ಟುವುದಿಲ್ಲ. ಸೊಪ್ಪು ಸೋಸಿ ಮುಗಿಯುವ ಮೊದಲು ಈ ಎರಡು ಹೂವನ್ನೂ ಬರಿಗೈಯಲ್ಲೇ ಹಿಡಿದು ಅವಳ ಎದುರು ಹೋಗಿ ಕೂರುತ್ತೇನೆ. ಆ ದಿನ ಕೆಂಪು ಹೂವು ಎಲ್ಲಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ಊರನ್ನು ಆಮೇಲೆ ಅವಳೇ ಆರಿಸಲಿ.