ಮಿಸ್ ಲ್ಯಾಪ್‌ಟಾಪಿಗೆ ನಾನು ಹಾಕಿಕೊಟ್ಟ ಲಿನಕ್ಸ್

ಕಚೇರಿಯಲ್ಲಿ ನನ್ನ ಮೇಜಿನ ಮೇಲಿನ ಕಂಪ್ಯೂಟರನ್ನು ನಡೆಸುವುದು ವಿಂಡೋಸ್. ಚಾಮರಾಜಪೇಟೆಯ ಮನೆಯಲ್ಲಿ ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್. ಎಷ್ಟೋ ವರ್ಷದಿಂದ ಎರಡರ ಜೊತೆಗೂ ಏಗಿದ್ದೇನೆ. ವಿಂಡೋಸಿಗೆ ಪ್ರಿಂಟರ್ ಸಿಕ್ಕಿಸಿದರೆ ಸಾಕು, ಕೆಲಸ ಶುರು. ಆದರೆ ಹಳೇ ಯಂತ್ರಕ್ಕೆ ಅದು ಭಾರ. ಲಿನಕ್ಸ್ ಹಳೇ ಯಂತ್ರದಲ್ಲೂ ಚುರುಕು. ಪ್ರಿಂಟರ್ ಒಪ್ಪಿಸುವುದಕ್ಕೆ ಮಾತ್ರ ನನಗೆ ಅರ್ಧ ಭಾನುವಾರ ಬೇಕಾಯಿತು. ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಲಿನಕ್ಸ್ ಬಳಸುವುದೇ ಬುದ್ಧಿವಂತರ ಗುರುತು ಅನ್ನುವ ಹಾಗೆ ಕಂಡಕಂಡವರೆದುರು ಜಂಬ ಕೊಚ್ಚುತ್ತಿದ್ದೆ.

ಹೀಗೇ ಒಂದು ಸಲ ಹನುಮಂತನಗರಕ್ಕೆ, ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಿಸ್ ಮನೆಗೆ ಹೋಗಿದ್ದೆ. ಅವರಿಗೀಗ ಎಪ್ಪತ್ತು ದಾಟಿದೆ. ತಮ್ಮ ತಾಯಿ ಹೇಳುತ್ತಿದ್ದ ಒಗಟುಗಳನ್ನು ಒಂದೊಂದಕ್ಕೂ ಟಿಪ್ಪಣಿ ಸೇರಿಸಿ ಟೈಪ್ ಮಾಡಿಟ್ಟಿದ್ದರು. ನಾಲ್ಕು ವರ್ಷದ ಕೆಲಸ.

"ಈ ಲ್ಯಾಪ್‌ಟಾಪು ತುಂಬ ನಿಧಾನ ಕಣೋ," ಅಂದರು.

"ವಿಂಡೋಸ್ ತೆಗ್ದು ಲಿನಕ್ಸ್ ಹಾಕ್ತೀನಿ ಮಿಸ್. ಕುದುರೆ ಥರ ಓಡುತ್ತೆ."

"ನನ್ನ ಒಗಟಿಗೆ ಏನೂ ಆಗಲ್ಲ ತಾನೆ?"

"ಏನೂ ಆಗಲ್ಲ."

ಫೈಲುಗಳನ್ನು ಪೆನ್‌ಡ್ರೈವಿಗೆ ಎತ್ತಿಕೊಂಡೆ, ಎಲ್ಲ ಅಳಿಸಿ ಲಿನಕ್ಸ್ ಹಾಕಿದೆ, ಫೈಲುಗಳನ್ನು ವಾಪಸ್ ತುಂಬಿದೆ. ಒಂದನ್ನೂ ತೆರೆದು ನೋಡಲಿಲ್ಲ. ಅವರು ಕೊಟ್ಟ ಗೊಜ್ಜವಲಕ್ಕಿ ತಿಂದು, ಶಭಾಶ್ ಅನ್ನಿಸಿಕೊಂಡು ಬಂದೆ.

ಎರಡು ದಿನಕ್ಕೆ ಫೋನ್ ಬಂತು. "ಒಂದಕ್ಷರಾನೂ ಓದಕ್ಕಾಗ್ತಿಲ್ಲ ಕಣೋ. ಬರೀ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕಿ."

"ನೀವೇ ಏನೋ ಒತ್ಬಿಟ್ಟಿರ್ತೀರ ಮಿಸ್. ಒಂದು ಫೈಲ್ ಕಳಿಸಿ, ನೋಡ್ತೀನಿ."

ಮಾರನೇ ದಿನ ಅದನ್ನು ಕಚೇರಿಯ ವಿಂಡೋಸಿನಲ್ಲಿ ತೆರೆದರೆ ಮುತ್ತಿನಂಥ ಕನ್ನಡ. ಆಗ ತಿಳಿಯಿತು. ಮಿಸ್ ಟೈಪ್ ಮಾಡಿದ್ದು ಹಳೇ ಕಾಲದ ಒಂದು ಫಾಂಟಿನಲ್ಲಿ; ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದರ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕಿಯಾಗಿ ಕಾಣುತ್ತದೆ. ಕಚೇರಿಯಲ್ಲಿ ಆ ಫಾಂಟ್ ಇತ್ತು. ಅವರ ಲ್ಯಾಪ್‌ಟಾಪಿನಿಂದ ನಾನೇ ಅಳಿಸಿದ್ದೆ. ತಪ್ಪು ವಿಂಡೋಸಿನದೂ ಅಲ್ಲ, ಲಿನಕ್ಸಿನದೂ ಅಲ್ಲ. ಫಾಂಟನ್ನು ಆವತ್ತೇ ಪೆನ್‌ಡ್ರೈವಿಗೆ ಹಾಕಿ ಕೀ ಗೊಂಚಲಿಗೆ ಸಿಕ್ಕಿಸಿಕೊಂಡೆ. ಹತ್ತು ನಿಮಿಷದ ಕೆಲಸ. ಆದರೆ ಹೋದರೆ ನಿಜ ಹೇಳಬೇಕಿತ್ತಲ್ಲ. ಈ ವಾರ, ಮುಂದಿನ ವಾರ ಅಂತ ಒಂದು ತಿಂಗಳು ತಳ್ಳಿದೆ. ಎರಡು ಸಲ ಅವರ ಫೋನೇ ಎತ್ತಲಿಲ್ಲ.

ಕೊನೆಗೆ ಗಾಂಧಿಬಜಾರಿನಲ್ಲಿ ಅವರ ಮಗಳು ಸಿಕ್ಕಿದರು. "ಅಮ್ಮ ಎಲ್ಲಾನೂ ಮೊದಲಿಂದ ಬರೀತಿದಾರೆ. ನಾನೇ ಏನೋ ಒತ್ತಿ ಹಾಳುಮಾಡ್ಕೊಂಡೆ ಅಂತ ಅತ್ತೂಬಿಟ್ರು," ಅಂದರು.

ಅಲ್ಲಿಂದ ಸೀದಾ ಅವರ ಮನೆಗೆ ನಡೆದೆ. ಮಿಸ್ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕೂತಿದ್ದರು. ಟೈಪ್ ಆದಮೇಲೆ, ಒಗಟು ಬರೆದಿಟ್ಟಿದ್ದ ಹಳೇ ಚೀಟಿಗಳನ್ನೆಲ್ಲ ರದ್ದಿಗೆ ಹಾಕಿದ್ದರಂತೆ. ಈಗ ದಿನಾ ಬೆಳಿಗ್ಗೆ ಮಲ್ಲೇಶ್ವರದ ಅಕ್ಕನಿಗೆ ಫೋನ್ ಮಾಡಿ, ಇಬ್ಬರೂ ಸೇರಿ ನೆನಪಿಸಿಕೊಳ್ಳುತ್ತಿದ್ದರು.

"ಬಾರೋ. ನಿಂಗೆ ಸುಮ್ನೆ ತೊಂದ್ರೆ ಕೊಟ್ಟೆ. ಈ ವಯಸ್ಸಲ್ಲಿ ನಂಗ್ಯಾಕೆ ಕಂಪ್ಯೂಟರು?"

ನಿಂತೇ ಎಲ್ಲ ಹೇಳಿಬಿಟ್ಟೆ. ಅವರು ಪೆನ್ನಿನ ಕ್ಯಾಪ್ ಹಾಕಿದರು.

"ನಿಂಗೆ ಯಾವತ್ತು ಗೊತ್ತಾಯ್ತು?"

"ನೀವು ಫೋನ್ ಮಾಡಿದ ಮಾರನೇ ದಿನಾನೇ, ಮಿಸ್."

"ತಪ್ಪು ಮಾಡಿದ್ದಕ್ಕೆ ಕ್ಲಾಸಲ್ಲಿ ಯಾರನ್ನಾದ್ರೂ ಹೊಡೆದಿದೀನಾ ನಾನು?"

"ಇಲ್ಲ ಮಿಸ್."

"ಮತ್ತ್ಯಾಕೆ ಹೆದರಿದೆ?"

ತಲೆ ತಗ್ಗಿಸಿಕೊಂಡು, ಗೊಂಚಲಿನ ಪೆನ್‌ಡ್ರೈವ್ ಬಿಚ್ಚಿ ಫಾಂಟ್ ಹಾಕಿದೆ. ಒಗಟುಗಳು ಒಂದೂ ಕೆಡದೆ ಎದ್ದು ಬಂದವು. ಮಿಸ್ ಎರಡು ಪುಟ ಓದಿ ಕನ್ನಡಕ ತೆಗೆದರು.

"ನಂಗೆ ಮೊದಲಿದ್ದದ್ದೇ ಹಾಕ್ಕೊಡು. ನಿಧಾನವಾದ್ರೂ ಪರ್ವಾಗಿಲ್ಲ, ಅದು ನಂಗೆ ಗೊತ್ತು."

ಮುಂದಿನ ಭಾನುವಾರ ಹಾಕಿಕೊಟ್ಟೆ. ಈ ಸಲ ಅವರೆದುರಿಗೇ ಒಂದೊಂದೇ ಫೈಲು ತೆರೆದು ತೋರಿಸಿದೆ. ಅವರು ಎಲ್ಲಕ್ಕೂ "ಹ್ಞೂಂ" ಅಂದರು, ಅಷ್ಟೇ. ಈಗಲೂ ಹೋದರೆ ಪ್ರೀತಿಯಿಂದ ಕಾಫಿ ಕೊಡುತ್ತಾರೆ. ಆದರೆ ಲ್ಯಾಪ್‌ಟಾಪಿಗೆ ಏನಾದರೂ ಆದರೆ ಅವರು ಕರೆಯುವುದು ಎದುರು ಮನೆಯವರನ್ನು.